ಐದು ಮಾಸ್ಟರ್ ಕೀಗಳು

ನನಗೆ ಸುಲಭಕ್ಕೆ ಅಸಹ್ಯವಾಗುವುದಿಲ್ಲ. ಬೀಗದ ಕೆಲಸದವನಿಗೆ ಗ್ರೀಸು, ತುಕ್ಕು, ಬೀಗದೊಳಗೆ ಸತ್ತ ಜಿರಳೆ, ಯಾರೋ ಸಿಟ್ಟಿಗೆ ಕೀ ತೂತಿನಲ್ಲಿ ತುರುಕಿದ ಚೂಯಿಂಗ್ ಗಮ್ಮು, ಎಲ್ಲಾ ಮಾಮೂಲು. ಅವನ್ನು ಕೆದಕಿ ತೆಗೆದು, ಕೈ ತೊಳೆದು, ನೆಮ್ಮದಿಯಾಗಿ ಮುದ್ದೆ ಉಂಡವನು ನಾನು. ಆದರೆ ತಿ. ನರಸೀಪುರದ ಆ ಕಾಂಪ್ಲೆಕ್ಸು ನೆನಪಾದರೆ ಇವತ್ತಿಗೂ ತಟ್ಟೆ ಸರಿಸಿ ಏಳುತ್ತೇನೆ. ಅರ್ಧ ಅಸಹ್ಯ ಅದರ ಮಾಲೀಕರ ಮೇಲೆ. ಇನ್ನರ್ಧ ಯಾರ ಮೇಲೆ ಅನ್ನುವುದನ್ನು ಹೇಳದೆ ಇದನ್ನು ಬರೆದರೆ ಬರೆದದ್ದೇ ದಂಡ.

ನಮ್ಮೂರು ಹದಿನಾರು. ಅಂಗಡಿ ನಂಜನಗೂಡಿನ ಪೇಟೆಯಲ್ಲಿ, ನಾನು ಒಳಗೆ ಕೂತರೆ ಗಿರಾಕಿ ರಸ್ತೆಯಲ್ಲೇ ನಿಲ್ಲಬೇಕು, ಅಷ್ಟಗಲ. ಅಂಗಡಿ ಇಡುವುದಕ್ಕೆ ಮುಂಚೆ ಊರಾಚೆಯ ಒಂದು ಕಾರ್ಖಾನೆಯಲ್ಲಿ ರಿಪೇರಿ ವಿಭಾಗದಲ್ಲಿದ್ದೆ. ಮಾಸ್ಟರ್ ಕೀ ಅಂದರೆ ಏನು ಅಂತ ಕಲಿತದ್ದು ಅಲ್ಲಿ. ಅಲ್ಲಿನ ಪ್ರತಿ ಕೋಣೆಗೂ ಬೇರೆ ಬೇರೆ ಕೀ. ಎಲ್ಲ ಕೋಣೆಗಳನ್ನೂ ತೆಗೆಯುವ ಕೀ ಮಾತ್ರ ಒಂದೇ ಒಂದು. ಅದು ಗೇಟಿನ ಸೆಕ್ಯುರಿಟಿ ರೂಮಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇರುತ್ತಿತ್ತು. ಬೆಂಕಿ ಬಿದ್ದರೆ, ನೀರು ನುಗ್ಗಿದರೆ ಮಾತ್ರ ತೆಗೆಯಬೇಕು. ತೆಗೆದವನು ಎಷ್ಟೇ ದೊಡ್ಡ ಸಾಹೇಬನಾದರೂ ರಿಜಿಸ್ಟರಿನಲ್ಲಿ ಯಾಕೆ ಅಂತ ಬರೆದು ಸಹಿ ಹಾಕಬೇಕು. ಆ ಶಿಸ್ತು ನನಗೆ ಬಹಳ ಹಿಡಿಸಿತ್ತು.

ನರಸೀಪುರದಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿದ್ದ ಯಜಮಾನರೊಬ್ಬರು ಎರಡು ಅಂತಸ್ತಿನ ಕಾಂಪ್ಲೆಕ್ಸ್ ಕಟ್ಟಿಸಿ, ಹನ್ನೆರಡು ಅಂಗಡಿಗಳಿಗೆ ಬೀಗ ಹಾಕಿಕೊಡಲು ನನ್ನನ್ನು ಕರೆಸಿದರು. ಮಾಸ್ಟರ್ ಕೀ ವಿಚಾರ ಅವರ ತಲೆಗೆ ಹಾಕಿದವನೂ ನಾನೇ. ಬೀಗದ ಹೊಟ್ಟೆಯಲ್ಲಿ ಐದು ಸಣ್ಣ ಪಿನ್ನುಗಳಿರುತ್ತವೆ, ಕೀಯ ಹಲ್ಲುಗಳು ಅವನ್ನು ಸರಿಯಾದ ಎತ್ತರಕ್ಕೆ ಎತ್ತಿದರೆ ಬೀಗ ತಿರುಗುತ್ತದೆ. ಒಂದೆರಡು ಪಿನ್ನುಗಳ ತಲೆಯ ಮೇಲೆ ತೆಳುವಾದ ಬಿಲ್ಲೆ ಇಟ್ಟರೆ ಅದೇ ಬೀಗ ಎರಡು ಎತ್ತರಕ್ಕೆ ತಿರುಗುತ್ತದೆ: ಒಂದು ಬಾಡಿಗೆದಾರನ ಕೀಗೆ, ಇನ್ನೊಂದು ಮಾಸ್ಟರಿಗೆ. ಹನ್ನೆರಡು ಬೀಗಗಳಿಗೂ ನಾನೇ ಕೂತು ಬಿಲ್ಲೆ ಹಾಕಿದೆ. ಒಂದೇ ಮಾಸ್ಟರ್ ಮಾಡಿ ಅರಗು ಹಾಕಿದ ಕವರಿನಲ್ಲಿಟ್ಟು, ಜೊತೆಗೆ ಒಂದು ಹೊಸ ರಿಜಿಸ್ಟರನ್ನೂ ತಂದುಕೊಟ್ಟೆ. ಬಾಡಿಗೆದಾರರು ಎದುರಿಗಿಲ್ಲದೆ ಇದನ್ನು ಉಪಯೋಗಿಸಬಾರದು ಅಂತ ಯಜಮಾನರಿಗೆ ಎರಡು ಸಲ ಹೇಳಿದೆ.

ಓಪನಿಂಗ್ ದಿನ ಪೂಜೆಯಾಯಿತು. ಕವರು ಹರಿದು ಕೀಯನ್ನು ದೇವರ ಮುಂದಿಟ್ಟು, ಅರಿಸಿನ ಕುಂಕುಮ ಹಚ್ಚಿ, ಹೂವೇರಿಸಿದರು. ಪೂಜೆ ಮುಗಿದ ಮೇಲೆ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು.

"ಮೇಸ್ತ್ರಿ, ನಾವು ಅಣ್ಣ ತಮ್ಮದೀರು ನಾಲ್ಕು ಜನ, ಒಂದೇ ಒಲೆ. ಕೀ ನನ್ನೊಬ್ಬನ ಹತ್ರ ಇದ್ರೆ ತಮ್ಮದೀರ ಹೆಂಡ್ತೀರು ಏನಂದ್ಕೋತಾರೆ? ಇನ್ನೂ ನಾಲ್ಕು ಮಾಡ್ಕೊಡಿ. ನಮಗೆ ಒಂದೊಂದು, ದೇವ್ರ ಮನೆಗೆ ಒಂದು."

"ಯಜಮಾನ್ರೇ, ಹಾಗೆ ಮಾಡೋದಾದ್ರೆ ಮಾಸ್ಟರ್ ಕೀ ಇದ್ದೂ ಇಲ್ದಂಗೆ," ಅಂದೆ.

"ಮನೇಲಿ ಮನಸ್ತಾಪ ಬರ್ಬಾರ್ದು ಕಣ್ರೀ. ಅಷ್ಟೇ." ಆಮೇಲೆ ಹೆಗಲ ಮೇಲೆ ಕೈ ಹಾಕಿದರು. "ಬಸ್ ಸ್ಟ್ಯಾಂಡ್ ಹತ್ರ ಇನ್ನೊಂದು ಬಿಲ್ಡಿಂಗು ಪಾಯ ತೆಗೀತಾ ಇದೀವಿ. ಅದೂ ನಿಮ್ದೇ ಅಂತ ಇಟ್ಕೊಳ್ಳಿ."

ನಾನು ಅಲ್ಲೇ ಕೂತು, ಚೀಲದಲ್ಲಿದ್ದ ಖಾಲಿ ಕೀಗಳನ್ನು ಅರದಿಂದ ಉಜ್ಜಿ ಮಾಡಿಕೊಟ್ಟೆ. ನಮ್ಮ ಕಡೆ ಒಟ್ಟು ಕುಟುಂಬದಲ್ಲಿ ಯಾವುದನ್ನೇ ಆಗಲಿ ಸಮನಾಗಿ ಹಂಚಬೇಕು, ಹಬ್ಬದ ಸೀರೆಯಿಂದ ಹಿಡಿದು ಹಲಸಿನ ತೊಳೆಯವರೆಗೆ. ಪರರ ಬಾಗಿಲನ್ನು ಹಲಸಿನ ಹಣ್ಣಿನ ಹಾಗೆ ಕುಯ್ದು ಹಂಚಿದವರನ್ನು ನೋಡಿದ್ದು ಮಾತ್ರ ಅವತ್ತೇ. ಕೀಗಳು ತಾಂಬೂಲದ ತಟ್ಟೆಯಲ್ಲಿ ಕೂತು ಒಬ್ಬೊಬ್ಬರ ಕೈ ಸೇರಿದವು. ನಾನು ತಂದಿದ್ದ ರಿಜಿಸ್ಟರಿನಲ್ಲಿ ಬಂದವರು ಕೊಟ್ಟ ಮುಯ್ಯಿ ಬರೆಯುತ್ತಿದ್ದರು.

ಅದೇ ಹೊತ್ತಿನಲ್ಲಿ ಮೆಟ್ಟಿಲ ಬುಡದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ತಲಕಾಡು ರಸ್ತೆಯ ಕಡೆಯ ಹಳ್ಳಿಯವಳು, ಐವತ್ತರ ಆಸುಪಾಸು, ಗಂಡ ಇಲ್ಲ. ಹಿಂದಿನ ಮೂರು ದಿನ ಸಿಮೆಂಟು ಕೆರೆದು, ನೆಲ ಉಜ್ಜಿ, ಆ ಇಡೀ ಕಟ್ಟಡವನ್ನು ಕನ್ನಡಿ ಮಾಡಿದ್ದವಳು ಅವಳೇ. ಪೂಜೆಗೆ ಮೇಲೆ ಬರಬೇಡ ಅಂದಿದ್ದರಂತೆ. ಯಜಮಾನರ ಹೆಂಡತಿ ಪ್ರಸಾದವನ್ನು ಮೂರು ಮೆಟ್ಟಿಲ ಮೇಲಿಂದ ಅವಳ ಸೆರಗಿಗೆ ಹಾಕಿದರು. ಮಡಿ ಅಂದರೆ ಆ ಮನೆಯಲ್ಲಿ ಅಷ್ಟು ಮಡಿ.

ಮೊದಲ ಮಹಡಿಯಲ್ಲಿ ಒಬ್ಬ ಹೆಂಗಸು ರಕ್ತ, ಮೂತ್ರ ಪರೀಕ್ಷೆಯ ಲ್ಯಾಬ್ ಇಟ್ಟರು. ಗಟ್ಟಿ ಕೆಲಸಗಾರ್ತಿ, ಮಾತು ಕಮ್ಮಿ. ಗುಡಿಸಲು ಆ ತಲಕಾಡು ರಸ್ತೆಯವಳನ್ನೇ ಇಟ್ಟುಕೊಂಡು, ಬೆಳಿಗ್ಗೆ ಬೇಗ ಬರುತ್ತಾಳೆ ಅಂತ ಒಂದು ಕೀಯನ್ನೂ ಅವಳಿಗೆ ಕೊಟ್ಟಿದ್ದರು. ಅದನ್ನು ನೋಡಿ ಕಾಂಪ್ಲೆಕ್ಸಿನ ಇನ್ನೂ ನಾಲ್ಕು ಅಂಗಡಿಯವರು ಅವಳನ್ನೇ ಹಿಡಿದರು. ಐದು ಅಂಗಡಿಯ ಕಸ, ಅವಳ ಬದುಕೆಲ್ಲ ಅಷ್ಟೇ.

ಐದಾರು ತಿಂಗಳಾಗಿರಬೇಕು, ಒಂದು ಸೋಮವಾರ ಲ್ಯಾಬಿನವರು ಫೋನ್ ಮಾಡಿದರು. ಭಾನುವಾರ ರಜೆಯ ದಿನ ಯಾರೋ ಬಾಗಿಲು ತೆಗೆಯುತ್ತಿದ್ದಾರೆ, ಬೀಗ ಒಡೆದಿಲ್ಲ ಅಂದರು. ಹೋಗಿ ನೋಡಿದೆ. ಹಣ ಹೋಗಿರಲಿಲ್ಲ. ಫ್ರಿಜ್ಜಿನಲ್ಲಿಟ್ಟ ಸ್ಯಾಂಪಲ್ಲುಗಳು ಸೋಮವಾರ ಬೆಳಿಗ್ಗೆ ಬೇರೆ ಜಾಗದಲ್ಲಿರುತ್ತಿದ್ದವಂತೆ, ಕೆಲವು ಕೆಟ್ಟೇ ಹೋಗಿರುತ್ತಿದ್ದವಂತೆ. ಸೋಮನಾಥಪುರದ ಕಡೆಯ ಬಾಣಂತಿಯೊಬ್ಬಳಿಗೆ ಎರಡನೇ ಸಲ ಸೂಜಿ ಚುಚ್ಚಬೇಕಾಗಿ ಬಂದು, ಅವಳ ತಾಯಿ ಹಾದಿಬೀದಿಯಲ್ಲಿ ಬಯ್ದು ಹೋಗಿದ್ದಳಂತೆ.

"ನನ್ನ ಬಿಟ್ರೆ ಕೀ ಇರೋದು ಅವಳೊಬ್ಬಳ ಹತ್ರಾನೇ ಮೇಸ್ತ್ರಿ," ಅಂದರು ಲ್ಯಾಬಿನವರು. ಹೇಳಲು ಅವರಿಗೆ ಇಷ್ಟವಿರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಮಾಸ್ಟರ್ ಕೀಗಳ ವಿಚಾರ ಅವರಿಗೆ ಯಾರೂ ಹೇಳಿರಲಿಲ್ಲ.

ಕಸದ ಹೆಂಗಸು ಬಾಗಿಲ ಹೊರಗೆ ಬಕೆಟ್ಟು ಹಿಡಿದು ನಿಂತಿದ್ದಳು. "ನಾನಲ್ಲ ಕಣ್ ಮೇಡಮ್ಮೋರೆ. ಭಾನ್‌ವಾರ ನಾನು ಈ ಕಡೀಕೇ ಬರಾಕಿಲ್ಲ. ಆ ಪೆಟ್ಟಿಗೆ ಬಾಗ್ಲ ನಾನ್ಯಾಕ್ ತೆಗೀಲಿ?"

ನಾನು ಬೀಗ ಬಿಚ್ಚಿ ಟೇಬಲ್ಲಿನ ಮೇಲೆ ಹರವಿದೆ. ಬಿಚ್ಚಿದವನಿಗೆ ಗೊತ್ತಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಕೀ ಹೋಗುವ ಸಂದಿಯಲ್ಲಿ, ಪಿನ್ನುಗಳ ತುದಿಯಲ್ಲಿ ಕೆಂಪಗೆ ಮೆತ್ತಿಕೊಂಡಿತ್ತು. ಕುಂಕುಮ. ಆ ಮನೆಯವರು ಪ್ರತಿ ಅಮಾವಾಸ್ಯೆಗೂ ಗಿರಣಿಯ ಕೀ, ಲಾರಿಯ ಕೀ, ಈ ಮಾಸ್ಟರ್ ಕೀ ಎಲ್ಲವನ್ನೂ ಸಾಲಾಗಿಟ್ಟು ಕುಂಕುಮ ಹಚ್ಚುವುದು ನನಗೆ ಗೊತ್ತಿತ್ತು. ಕಸದ ಹೆಂಗಸು ಬೆಳಿಗ್ಗೆಯೇ ತಂದು ಮೇಜಿನ ಮೇಲಿಟ್ಟಿದ್ದ ಕೀಯಾದರೋ ಸೋಪಿನ ನೀರಲ್ಲಿ ನೆನೆದೂ ನೆನೆದೂ ಬೆಳ್ಳಗೆ ಹೊಳೆಯುತ್ತಿತ್ತು.

ಅಷ್ಟರಲ್ಲಿ ಯಜಮಾನರು ಬಿಳಿ ಪಂಚೆ ಎತ್ತಿ ಹಿಡಿದು ಮೆಟ್ಟಿಲೇರಿ ಬಂದರು. "ಇಂಥವ್ರ ಕೈಗೆ ಕೀ ಕೊಡಬಾರ್ದಿತ್ತು ಕಣಮ್ಮ ನೀವು. ನಾವು ಹೊಸಲು ದಾಟಿಸಿದವರಲ್ಲ," ಅಂದರು. ನನ್ನ ಕಡೆ ತಿರುಗಿ, "ಏನ್ ಮೇಸ್ತ್ರಿ, ಬೀಗ ಏನನ್ನುತ್ತೆ? ಹೊಸ ಬಿಲ್ಡಿಂಗಿಗೆ ಬಾಗಿಲು ಬಂದಿವೆ, ಹಾಗೇ ಹೋಗಿ ನೋಡ್ಕೊಂಡ್ ಬಿಡಿ," ಅಂದರು.

ನಾನು ಬನಿಯನ್ ಬಟ್ಟೆಯ ತುಂಡಿನಿಂದ ಪಿನ್ನುಗಳನ್ನು ಒಂದೊಂದಾಗಿ ಒರೆಸಿದೆ. "ಬೀಗ ಒಡೆದಿಲ್ಲ ಯಜಮಾನ್ರೇ. ಕೀ ಹಾಕೇ ತೆಗೆದಿದ್ದಾರೆ," ಅಂದೆ. ಸುಳ್ಳಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಥೂ. ಅಷ್ಟು ಲೆಕ್ಕಾಚಾರದ ನಿಜವನ್ನು ನನ್ನ ಬಾಯಿ ಅದಕ್ಕೆ ಮುಂಚೆ ಯಾವತ್ತೂ ಆಡಿರಲಿಲ್ಲ.

ಅವಳು ಬಕೆಟ್ಟಿನ ನೀರು ಚೆಲ್ಲಿ, ಪೊರಕೆಯನ್ನು ಮೂಲೆಗಿಟ್ಟು ಹೋದಳು. ಆ ವಾರವೇ ಉಳಿದ ನಾಲ್ಕು ಅಂಗಡಿಯವರೂ ಅವಳನ್ನು ಬಿಡಿಸಿದರು ಅಂತ ಆಮೇಲೆ ತಿಳಿಯಿತು. ನಾನು ಹೊಸ ಬೀಗಕ್ಕೂ ಮಾಸ್ಟರಿನ ಬಿಲ್ಲೆ ಹಾಕಿ, ಹೊಸ ಬಾಗಿಲುಗಳನ್ನು ಅಳೆದು, ಮಧ್ಯಾಹ್ನ ಯಜಮಾನರ ಮನೆಯಲ್ಲಿ ಊಟ ಮಾಡಿದೆ. ಮಜ್ಜಿಗೆ ಮಂಜುಗಡ್ಡೆಯಷ್ಟು ತಣ್ಣಗಿತ್ತು. ಎರಡು ಲೋಟ ಕುಡಿದೆ, ಹೊಗಳಿಯೂ ಬಂದೆ.

ಎರಡು ವಾರ ಬಿಟ್ಟು ಒಂದು ಭಾನುವಾರ ಕೆಳಗಿನ ಅಂಗಡಿಯೊಂದರ ಷಟರ್ ಬೀಗ ಕಚ್ಚಿಕೊಂಡಿದೆ ಅಂತ ಕರೆದರು. ಬೆಳಿಗ್ಗೆ ಹನ್ನೊಂದರ ಹೊತ್ತು. ಕೆಲಸ ಮಾಡುತ್ತಿದ್ದಾಗ ಮೇಲೆ ಮಾತು ಕೇಳಿಸಿತು. ಹತ್ತಿ ಹೋದೆ. ಲ್ಯಾಬಿನ ಬಾಗಿಲು ಹಾರು ಹೊಡೆದಿತ್ತು. ಯಜಮಾನರ ಕೊನೆಯ ತಮ್ಮ, ರೋಗಿಗಳನ್ನು ಮಲಗಿಸುವ ಹಾಸಿಗೆಯ ಮೇಲೆ ಫ್ಯಾನ್ ಹಾಕಿಕೊಂಡು ಬಿದ್ದಿದ್ದ. ಯಜಮಾನರ ಹೆಂಡತಿ ಫ್ರಿಜ್ಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಜೋಡಿಸುತ್ತಿದ್ದರು. ಸೋಮವಾರದ ಅಭಿಷೇಕಕ್ಕೆ ಹಾಲಿನ ಪ್ಯಾಕೆಟ್ಟು, ಮೊಸರಿನ ಡಬ್ಬಿ, ಮಜ್ಜಿಗೆಯ ದೊಡ್ಡ ಸ್ಟೀಲ್ ಪಾತ್ರೆ, ಹೂವಿನ ಕವರು. ಹೂವಿನ ಕವರಿನ ಬಾಯಿಗೆ, ರಕ್ತ ತೆಗೆಯುವಾಗ ತೋಳಿಗೆ ಬಿಗಿಯುವ ರಬ್ಬರ್ ಪಟ್ಟಿ ಸುತ್ತಿದ್ದರು. ಜಾಗಕ್ಕಾಗಿ ತೆಗೆದಿಟ್ಟ ರಕ್ತದ ಟ್ಯೂಬುಗಳು ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದವು. ಹೊರಗೆ ಜಾಗ ಸಾಲದೆ ಒಳಗೇ ಉಳಿದ ಮೂತ್ರದ ಬಾಟಲಿಗಳಲ್ಲಿ ಒಂದು ಮಜ್ಜಿಗೆ ಪಾತ್ರೆಗೆ ಒರಗಿಕೊಂಡಿತ್ತು, ಅದರ ಮುಚ್ಚಳ ಸಡಿಲವಾಗಿ ಅಂಚಿನಲ್ಲಿ ಹಳದಿ ಒಸರಿತ್ತು.

"ಏನಮ್ಮಾ ಇದು?" ಅಂದೆ.

"ನಮ್ಮ ಮನೆ ಫ್ರಿಜ್ ಸಾಲಲ್ಲ ಮೇಸ್ತ್ರಿ, ಅಷ್ಟು ಜನ. ಭಾನ್ವಾರ ಇದು ಸುಮ್ನೆ ಓಡ್ತಾ ಇರುತ್ತೆ. ನಮ್ಮ ಬಿಲ್ಡಿಂಗೇ ಅಲ್ವಾ?" ಅಂದರು, ತರಕಾರಿ ರೇಟು ಹೇಳುವಷ್ಟು ಸಲೀಸಾಗಿ. ಆಮೇಲೆ ಆ ಪಾತ್ರೆಯಿಂದಲೇ ಲೋಟಕ್ಕೆ ಬಗ್ಗಿಸಿ ಚಾಚಿದರು. "ತಗೊಳ್ಳಿ. ಅವತ್ತು ಚೆನ್ನಾಗಿದೆ ಅಂತ ಎರಡೆರಡು ಲೋಟ ಕುಡುದ್ರಲ್ಲ."

ನಾನು ಮೆಟ್ಟಿಲಿಳಿದು ಚರಂಡಿಯ ಪಕ್ಕ ಕೂತು, ಬೆಳಿಗ್ಗೆ ತಿಂದಿದ್ದ ಇಡ್ಲಿಯನ್ನೆಲ್ಲ ಕಕ್ಕಿದೆ. ಮೂರು ಮೆಟ್ಟಿಲ ಮೇಲಿಂದ ಪ್ರಸಾದ ಹಾಕುವ ಕೈ ಅದು. ಬಾಯಿ ತೊಳೆದರೂ ರುಚಿ ಹೋಗಲಿಲ್ಲ. ಅಲ್ಲೇ ಕೂತು ಲ್ಯಾಬಿನವರಿಗೆ ಫೋನ್ ಮಾಡಿ, ಈಗಲೇ ಬನ್ನಿ ಅಂದೆ.

ಅವರು ಬಂದು ನೋಡಿದರು. ಕೂಗಾಡಲಿಲ್ಲ. ಮೊಬೈಲಿನಲ್ಲಿ ಫ್ರಿಜ್ಜಿನ ಫೋಟೋ ಹಿಡಿದರು, ಕಿಟಕಿಯ ಕಟ್ಟೆಯ ಫೋಟೋ ಹಿಡಿದರು, ಹಾಸಿಗೆಯಿಂದ ಏಳುತ್ತಿದ್ದವನದ್ದೂ ಹಿಡಿದರು. ಯಜಮಾನರು ಓಡಿ ಬಂದು, "ಹೆಂಗಸರು, ಗೊತ್ತಾಗಿಲ್ಲ, ದೊಡ್ಡದು ಮಾಡ್ಬೇಡಿ," ಅಂತ ಶುರು ಮಾಡಿದರು. ನಾನು ಅವರ ಕಣ್ಣೆದುರಿಗೇ ಬೀಗ ಬಿಚ್ಚಿ, ಬಿಲ್ಲೆಗಳನ್ನು ಚಿಮಟದಲ್ಲಿ ಎತ್ತಿ ಅವರ ಅಂಗೈಗೆ ಹಾಕಿದೆ. ಇನ್ನು ನಿಮ್ಮ ಐದು ಕೀಗಳಲ್ಲಿ ಯಾವುದೂ ಈ ಬಾಗಿಲಿಗೆ ಆಗುವುದಿಲ್ಲ ಅಂದೆ. ಹೊಸ ಬಿಲ್ಡಿಂಗಿನ ಕಡೆ ತಲೆ ಹಾಕಬೇಡ ಅಂದರು ಯಜಮಾನರು. ಬಹುವಚನ ಹೋಗಿತ್ತು. ನನಗೂ ಅದು ಬೇಡವಾಗಿತ್ತು.

ಮಾರನೆಯ ದಿನ ಲ್ಯಾಬಿನವರು ನನ್ನನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಅವಳ ಹಳ್ಳಿಗೆ ಹೊರಟರು. ಕ್ಷಮೆ ಕೇಳಿ, ಹೊಸ ಕೀಯನ್ನು ಕೈಯಾರೆ ಕೊಟ್ಟು, ಕೆಲಸಕ್ಕೆ ಕರೆದುಕೊಂಡು ಬರಬೇಕು ಅಂತ. ಉಳಿದ ನಾಲ್ಕು ಅಂಗಡಿಯವರಿಗೂ ಅವರೇ ಫೋಟೋ ತೋರಿಸಿ ಬಾಯಿ ಮುಚ್ಚಿಸಿದ್ದರು. ಅವಳು ಭತ್ತದ ಕಳೆ ಕೀಳುವ ಕೂಲಿಗೆ ಹೋಗಿದ್ದಳು. ಗದ್ದೆಯ ಬದುವಿನ ಹತ್ತಿರ ಕರೆಸಿದೆವು. ಮೊಣಕಾಲವರೆಗೆ ಕೆಸರು. ಲ್ಯಾಬಿನವರು ಎಲ್ಲವನ್ನೂ ಹೇಳಿ, "ನನ್ನಿಂದ ತಪ್ಪಾಯ್ತು ಕಣಮ್ಮ," ಅಂತ ಅವಳ ಕೈ ಹಿಡಿದುಕೊಂಡು ಕೀ ಇಟ್ಟರು.

ಅವಳು ಕೀಯನ್ನು ನೋಡಿದಳು, ಆಮೇಲೆ ನನ್ನನ್ನು.

"ಆವತ್ತು ಬೀಗ ಬಿಚ್ಚಿದ್ರಲ್ಲ ಸಾ, ನಿಮ್ಗೆ ತಿಳೀನಿಲ್ವಾ?"

ಲ್ಯಾಬಿನವರೂ ನನ್ನ ಕಡೆ ತಿರುಗಿದರು. ಅವರು ಆ ಪ್ರಶ್ನೆ ಕೇಳಿರಲೇ ಇಲ್ಲ. ನಾನೂ ಹೇಳಿರಲಿಲ್ಲ, ಭಾನುವಾರ ಕಳ್ಳರನ್ನು ಹಿಡಿದುಕೊಟ್ಟ ದೊಡ್ಡ ಮನುಷ್ಯನ ಹಾಗೆ ಸ್ಕೂಟರಿನ ಹಿಂದೆ ಕೂತು ಬಂದಿದ್ದೆ.

"ತಿಳೀತು," ಅಂದೆ.

ಅವಳು ತಲೆಯಾಡಿಸಿದಳು. ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಲ್ಯಾಬಿನವರ ಕಡೆ ತಿರುಗಿ, "ಬತ್ತೀನಿ ಮೇಡಮ್ಮೋರೆ, ನಂಗೂ ಒಟ್ಟೆ ಐತೆ. ನೀವು ಬಂದ್ ಬಾಗ್ಲು ತೆಗೀರಿ, ನಿಮ್ ಮುಂದೇನೇ ಗುಡಿಸ್ಬುಟ್ಟು ಓಯ್ತೀನಿ. ಕೀ ಮಾತ್ರ ನಾನ್ ಮುಟ್ಟಾಕಿಲ್ಲ," ಅಂದಳು. ಕೀಯನ್ನು ಸೆರಗಿನ ಒಣಗಿದ ಕಡೆಯಿಂದ ಒರೆಸಿ, ಅವರ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟು, ಗದ್ದೆಗಿಳಿದಳು.