ಬಂದೂಕು ಬೇಡ ಎನ್ನುವ ಚಂದ್ರಪ್ರಭಾ

ಬೆಳಗಿನ ಆರೂವರೆ. ಇಂಗ್ಲೆಂಡಿನ ಡರ್ಬಿಯ ಒಂದು ಮನೆಯಲ್ಲಿ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಚಂದ್ರಪ್ರಭಾ ಮೊಣಕಾಲೂರಿ ಕೂತಿದ್ದಾರೆ. ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಾರೆ. ಅಲ್ಲಾಡುವುದಿಲ್ಲ. ಬೋಲ್ಟು ನಾಲ್ಕು, ಬೀಗ ಎರಡು ಎಂದು ಬರೆದುಕೊಳ್ಳುತ್ತಾರೆ. ಪೆಟ್ಟಿಗೆ ಇನ್ನೂ ಖಾಲಿ. ಅದರೊಳಗೆ ಬಂದೂಕು ಬರಬಹುದೇ ಬೇಡವೇ ಎಂದು ಪೊಲೀಸರಿಗೆ ವರದಿ ಕೊಡುವುದೇ ಮೈಸೂರು ಮೂಲದ, ಐವತ್ತೆರಡು ವರ್ಷದ ಈ ಹೆಣ್ಣುಮಗಳ ಕೆಲಸ.

ಇಂಥದ್ದೊಂದು ಕೆಲಸವಿದೆಯೆಂದೇ ನನಗೆ ಗೊತ್ತಿರಲಿಲ್ಲ. ಮನೆಯವರ ಒಪ್ಪಿಗೆ ಪಡೆದು ಜೊತೆಗೆ ಬಂದಿದ್ದೇನೆ; ಅವರ ಹೆಸರುಗಳನ್ನು ಬದಲಿಸಿದ್ದೇನೆ.

ಮದುವೆಯಾಗಿ ಈ ದೇಶಕ್ಕೆ ಬಂದ ಹೊಸದರಲ್ಲಿ ಚಂದ್ರಪ್ರಭಾ ಅಂಗಡಿಯಲ್ಲಿ ಡಬ್ಬ ಜೋಡಿಸಿದವರು. ಆಮೇಲೆ ಪೊಲೀಸ್ ಕಚೇರಿಯಲ್ಲಿ ಟೈಪಿಂಗ್. ಹನ್ನೊಂದು ವರ್ಷದಿಂದ ಈ ಅಲೆದಾಟ. ದಿನಕ್ಕೆ ನಾಲ್ಕೈದು ಮನೆ, ಹೆಚ್ಚಿನವು ಹಳ್ಳಿಗಾಡಿನ ರೈತರದು. "ನಾಯಿ ಎರಡು ಸಲ ಕಚ್ಚಿದೆ. ಮನುಷ್ಯರು ಬರೀ ಬೈದಿದ್ದಾರೆ" ಎನ್ನುತ್ತಾರೆ.

ಇಂದಿನ ಮನೆ ನಿತಿನ್ ಅವರದು. ಬೆಂಗಳೂರಿನವರು, ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರ್. ದೀಪಾವಳಿಯ ವಾರ ಕಳ್ಳರು ನುಗ್ಗಿ ಹೆಂಡತಿಯ ಒಡವೆಯನ್ನೆಲ್ಲ ಬಾಚಿಕೊಂಡು ಹೋದ ಮೇಲೆ ಅವರಿಗೆ ಸರಿಯಾಗಿ ನಿದ್ದೆಯಿಲ್ಲ. ಒಂದು ಸೆಕೆಂಡ್ ಹ್ಯಾಂಡ್ ಪಂಪ್ ಶಾಟ್‌ಗನ್ ಬಂದೂಕು ನೋಡಿಟ್ಟಿದ್ದಾರೆ. ಮನೆ ಕಾವಲಿಗೆ ಎಂದರೆ ಇಲ್ಲಿ ಪರವಾನಗಿ ಸಿಗುವುದಿಲ್ಲ. ಹಾಗಾಗಿ ಅರ್ಜಿಯಲ್ಲಿ ಗುರಿ ಹೊಡೆಯುವ ಆಟಕ್ಕೆ ಎಂದು ಬರೆದಿದ್ದಾರೆ.

ಚಂದ್ರಪ್ರಭಾ ಸೋಫಾದಲ್ಲಿ ಕೂತು ಕೇಳುತ್ತಾರೆ: "ನಿಜ ಹೇಳಿ ನಿತಿನ್, ಕತ್ತಲಲ್ಲಿ ಮೆಟ್ಟಿಲ ಮೇಲೆ ಸದ್ದಾದ್ರೆ ಏನ್ ಮಾಡ್ತೀರ?"

"ಇನ್ನೇನ್ ಮೇಡಂ, ಲೋಡ್ ಮಾಡಿ ಹೊಡೆಯೋದೇ. ಯಾರಪ್ಪಾ ನೀನು ಅಂತ ಕೇಳ್ತಾ ಕೂರಕ್ಕಾಗುತ್ತಾ?"

ಕಾಫಿ ತರುತ್ತಿದ್ದ ನಿತಿನ್ ತಾಯಿ ಚನ್ನಮ್ಮ ಅಲ್ಲೇ ನಿಲ್ಲುತ್ತಾರೆ. ಆರು ತಿಂಗಳಿಗೆಂದು ಮಗನ ಮನೆಗೆ ಬಂದವರು.

"ಅಯ್ಯೋ, ದಿನಾ ನಾಲ್ಕು ಗಂಟೆಗೆ ಇಳಿಯೋಳು ನಾನೇ ಅಲ್ವೇನೋ? ಸ್ನಾನ ಮಾಡಿ ದೇವರಿಗೆ ದೀಪ ಹಚ್ಚಕ್ಕೆ. ನಿಮ್ಗೆಲ್ಲ ಎಚ್ಚರ ಆಗುತ್ತೆ ಅಂತ ಲೈಟೂ ಹಾಕಲ್ಲ."

ನಿತಿನ್ ಮೆಟ್ಟಿಲ ಕಡೆ ತಿರುಗಿ ನೋಡುತ್ತಾರೆ. ಮುಖ ಬಿಳುಚಿಕೊಂಡಿದೆ. ಅಷ್ಟು ಓದಿದ ಮನುಷ್ಯ, ಬೋಲ್ಟಿನ ಅಳತೆಯವರೆಗೂ ಲೆಕ್ಕ ಹಾಕಿದವರು, ಇದೊಂದನ್ನು ಯೋಚಿಸಿಯೇ ಇರಲಿಲ್ಲ!

"ನಾನು ಬೇಡ ಅಂತ ಬರೀತೀನಿ" ಎಂದು ಚಂದ್ರಪ್ರಭಾ ಫೈಲು ಮುಚ್ಚುತ್ತಾರೆ.

ನಿತಿನ್‌ಗೆ ಸಿಟ್ಟು ಬರುತ್ತದೆ. "ನಮ್ಮೋರಾಗಿ ನೀವೇ ಹೀಗೆ ಮಾಡಿದ್ರೆ ಹೇಗೆ ಮೇಡಂ?"

ಚಂದ್ರಪ್ರಭಾ ವಾದಕ್ಕಿಳಿಯುವುದಿಲ್ಲ. ಚನ್ನಮ್ಮ ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೊರಡುತ್ತಾರೆ.

ಕಾರಿನಲ್ಲಿ ಬೆಲ್ಟು ಹಾಕಿಕೊಳ್ಳುತ್ತ ನಗುತ್ತಾರೆ. "ಇಲ್ಲಿನ ಕನ್ನಡದೋರ ಯುಗಾದಿ ಊಟಕ್ಕೆ ಹೋದ್ರೆ ನನ್ನ ಪಕ್ಕದ ಕುರ್ಚಿ ಖಾಲಿ ಇರುತ್ತೆ. ಇವತ್ತು ಇನ್ನೊಂದು ಮನೆಯವರು ಮಾತು ಬಿಟ್ರು."

ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ.

"ಆಗುತ್ತೆ. ಆದ್ರೆ ಆ ಅಮ್ಮ ನಾಳೆನೂ ನಾಲ್ಕು ಗಂಟೆಗೆ ಕೆಳಗೆ ಇಳೀತಾರಲ್ಲ."