‘ಅಜ್ಜಿ’ ಎಂದು ಟೈಪ್ ಮಾಡಿದಾಗ

ಮಕ್ಕಳು ಕ್ರಿಯಾಪದ ಬಳಸಲು ಹೇಗೆ ಕಲಿಯುತ್ತಾರೆ ಎಂಬುದನ್ನು ಕಂಪ್ಯೂಟರಿಗೆ ಕಲಿಸಿ ನೋಡುವುದು ನನ್ನ ಕೆಲಸ. ಕೋಥರೂಡದ ಒಂದು ಕನ್ನಡ ಮನೆಯವರು ತಮ್ಮ ಎರಡು ವರ್ಷದ ಮಗಳೊಡನೆ ಆಡಿದ ಮಾತುಗಳನ್ನು ಅದಕ್ಕೆ ಉಣಿಸಿದ್ದೆ. ಒಂದು ಶಬ್ದ ಕೊಟ್ಟರೆ, ಮುಂದೆ ಆ ಮಗು ಏನನ್ನುತ್ತದೋ ಅದನ್ನೇ ಕಂಪ್ಯೂಟರೂ ಅನ್ನಬೇಕು.

ಅದನ್ನು ಆ ಮನೆಯವರಿಗೆ ತೋರಿಸಲು ಹೋದ ದಿನ ಬಾಗಿಲು ತೆಗೆದ ಮಗುವಿನ ತಾಯಿ, “ನಮ್ಮ ಅತ್ತಿಯವರು ಹೋದ ತಿಂಗಳ ತೀರಕೊಂಡ್ರು,” ಅಂದರು. ಲ್ಯಾಪ್‌ಟಾಪ್ ಹೊರಗೆ ತೆಗೆಯಲು ನನಗೆ ಮನಸ್ಸಾಗಲಿಲ್ಲ.

“ಇರ್ಲಿ, ತೋರಸ್ರಿ,” ಎಂದು ಅವರೇ ಕೂತು ‘ಅಜ್ಜಿ’ ಎಂದು ಟೈಪ್ ಮಾಡಿದರು.

‘ಬರ್ತಾಳ’ ಎಂದು ಪರದೆಯ ಮೇಲೆ ಮೂಡಿತು.

ತಾಯಿ ಬಾಗಿಲ ಕಡೆ ತಿರುಗಿದರು. “ನಮ್ಮ ಮಗಳೂ ದಿನಾ ಸಂಜಿಗೆ ಬಾಗಲದಾಗ ನಿಂತು ಹಿಂಗ ಅಂತಾಳ್ರಿ.”

ಆಫೀಸಿಗೆ ಬಂದು ಆ ಉತ್ತರಕ್ಕೆ ‘ಸರಿ’ ಎಂದು ಗುರುತು ಹಾಕಿದೆ. ಮಗು ತಪ್ಪಿದಲ್ಲಿ ಯಂತ್ರವೂ ತಪ್ಪಿದರೆ, ನಮ್ಮಲ್ಲಿ ಅದು ಸರಿ.