ಇಲಿಯಿಂದ ಬೆಕ್ಕಿಗೆ

ಇಲಿ ಪಾಷಾಣಗಳಲ್ಲಿ ಹಲವು ಇಲಿಯನ್ನು ಕೂಡಲೇ ಕೊಲ್ಲುವುದಿಲ್ಲ. ಒಳಗೊಳಗೇ ರಕ್ತ ಸೋರಿಸಿ, ದಿನಗಟ್ಟಲೆ ಓಲಾಡಿಸಿ ಕೊಲ್ಲುತ್ತವೆ. ಅಷ್ಟೂ ದಿನ ಆ ಇಲಿಯ ಮೈಯೆಲ್ಲ ಪಾಷಾಣ. ಪೊಟ್ಟಣದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಇದನ್ನು ಬರೆದಿರುತ್ತಾರೆ. ಓದುವವರು ಯಾರು?

ಕಾಳಿನ ಗೋದಾಮಿನಲ್ಲಿ ಪಾಷಾಣ ಇಡುವವನಿಗೆ ಓಣಿಯಲ್ಲಿ ಇಲಿಯಪ್ಪ ಎಂದೇ ಹೆಸರು. ಅವನಿಗೂ ಅದರಿಂದ ಬೇಸರವಿರಲಿಲ್ಲ. ಮೂಟೆಗಳ ಸಂದಿ, ಗೋಡೆಯ ಬುಡ, ಇಲಿಗಳ ಮೈ ಉಜ್ಜಿ ಜಿಡ್ಡುಗಟ್ಟಿದ ಜಾಡು ಹುಡುಕಿ ಪಾಷಾಣದ ಬಿಲ್ಲೆ ಇಟ್ಟು ಬರುತ್ತಿದ್ದ. ತಿಂದವು ಎಲ್ಲಿ ಹೋಗಿ ಸತ್ತವು ಎಂದು ಮಾಲೀಕ ಕೇಳಲಿಲ್ಲ, ಅವನೂ ಕೇಳಿಕೊಳ್ಳಲಿಲ್ಲ.

ಗೋದಾಮಿನ ಗೋಡೆಯಾಚೆಗೇ ಅವನ ಎರಡು ಕೋಣೆಯ ಮನೆ. ಅಲ್ಲಿ ಹೆಂಡತಿ, ಮಗಳು, ಲಕ್ವ ಹೊಡೆದು ಹಾಸಿಗೆ ಹಿಡಿದ ತಾಯಿ. ಬಿದ್ದಾಗಿನಿಂದ ಮುದುಕಿ ಯಾರೊಡನೆಯೂ ಮಾತಾಡಿರಲಿಲ್ಲ. ಒಂದು ಬೂದು ಬೆಕ್ಕು ಕಿಟಕಿಯಿಂದ ಇಳಿದು, ಅವಳ ಸ್ವಾಧೀನವಿಲ್ಲದ ಕೈ ಮೇಲೆ ಮಲಗತೊಡಗಿದ ಮೇಲೆ ನಾಲಿಗೆ ಮತ್ತೆ ಹೊರಳಿತು. ಅದನ್ನು ಚಿಕ್ಕ ಸೊಸೆ ಎಂದು ಕರೆದಳು.

"ಕರೆದ ಕೂಡಲೇ ಬರೋಳು ಇವಳೊಬ್ಬಳೇ," ಎಂದು ದೊಡ್ಡ ಸೊಸೆಗೆ ಕೇಳುವಂತೆ ಹೇಳುವಳು.

"ಹಾಗಾದ್ರೆ ಪಾತ್ರೇನೂ ಅವಳೇ ತೊಳೀಲಿ ಬಿಡಿ ಅತ್ತೆ," ಎಂದು ಇಲಿಯಪ್ಪನ ಹೆಂಡತಿ ಒಲೆಯ ಬಳಿಯಿಂದ. ಅತ್ತೆಯ ಬಾಯಿಂದ ಮಾತು ಬಂತಲ್ಲ, ಚುಚ್ಚುಮಾತಾದರೂ ಸರಿ ಎಂಬ ಸಮಾಧಾನ ಅವಳಿಗೆ.

ಒಂದು ಸಂಜೆ ಮಗಳು ಶಾಲೆಯ ಪಾಠಕ್ಕೆಂದು ಆಹಾರ ಸರಪಳಿ ಬರೆಯುತ್ತಿದ್ದಳು. ಕಾಳಿನಿಂದ ಇಲಿಗೆ, ಇಲಿಯಿಂದ ಬೆಕ್ಕಿಗೆ ಬಾಣ. ಇಲಿಯಪ್ಪ ನಕ್ಕ. ಇಲಿಯ ವಿಷಯ ತನಗೇ ಹೇಳಿಕೊಡುತ್ತಾರಾ?

"ಬಾಣ ತಿರುಗುಮುರುಗಾಗಿದೆ ಕಣೇ. ಮೇಲೆ ಬೀಳೋದು ಬೆಕ್ಕು ತಾನೇ?"

"ಯಾರು ಮೇಲೆ ಬೀಳ್ತಾರೆ ಅಂತಲ್ಲಪ್ಪ. ತಿಂದದ್ದು ಎಲ್ಲಿಗೆ ಹೋಗುತ್ತೆ ಅಂತ."

ಅವನು ಒಪ್ಪಲಿಲ್ಲ. ಅಪ್ಪನ ಮಾತು ಮೀರಲಾಗದೆ ಮಗಳು ಬಾಣ ಅಳಿಸಿ ತಿರುಗಿಸಿದಳು. ಮರುದಿನ ಅದಕ್ಕೆ ಕೆಂಪು ಶಾಯಿಯ ಗೀಟು ಬಿತ್ತು. ಗೀಟು ಹಾಕಿದ ಟೀಚರಮ್ಮನಾದರೂ, ಆ ಬಾಣದ ಬೆನ್ನೇರಿ ಕಾಳಿನ ಸತ್ವದ ಜೊತೆ ಇನ್ನೇನೇನು ದಾಟುತ್ತದೆ ಎಂದು ಹೇಳಿಕೊಡಲಿಲ್ಲ. ಪರೀಕ್ಷೆಗೆ ಅದು ಬರುವುದಿಲ್ಲವಲ್ಲ!

ಆ ವಾರವೇ ಬೆಕ್ಕು ಮಂಕಾಯಿತು. ಮೂಗಿನಲ್ಲಿ ರಕ್ತ ಕಂಡದ್ದೇ ಇಲಿಯಪ್ಪ ಅದನ್ನು ಚೀಲದಲ್ಲಿ ಸುತ್ತಿಕೊಂಡು ಪ್ರಾಣಿ ವೈದ್ಯರ ಬಳಿಗೆ ಓಡಿದ. ವೈದ್ಯರು ತುಟಿ ಬಿಡಿಸಿ ಒಸಡು ನೋಡಿ, ಮನೆಯಲ್ಲಿ ಪಾಷಾಣ ಇಟ್ಟಿದ್ದೀರಾ ಎಂದರು.

"ಮನೇಲಿ ಇಲ್ಲ ಸಾರ್. ಗೋಡೆ ಆಚೆ, ಗೋದಾಮಲ್ಲಿ."

"ಬೆಕ್ಕಿಗೆ ಯಾವ ಗೋಡೆ ಮಾರಾಯ?"

ಓಲಾಡುವ ಇಲಿ ಸುಲಭದ ತುತ್ತು. ಒಂದಾದ ಮೇಲೊಂದು ತಿಂದಿದೆ, ಎಲ್ಲ ಮೈಯಲ್ಲೇ ಉಳಿದಿದೆ ಎಂದರು. ಸೂಜಿ ಚುಚ್ಚಿದರು. ತಡವಾಗಿತ್ತು. ವಾಪಸು ಬರುವ ದಾರಿಯಲ್ಲೇ ಚೀಲ ತಣ್ಣಗಾಯಿತು.

ಎಲ್ಲೋ ಓಡಿಹೋಯಿತು ಎಂದುಬಿಡು ಅಂತ ಹೆಂಡತಿ ಪಿಸುಗುಟ್ಟಿದಳು. ಅವನೂ ಹಾಗೇ ಅಂದುಕೊಂಡು ಒಳಗೆ ಹೋದ. ತಾಯಿ ಮುಖ ನೋಡಿದಳು. ಅವನ ಬಾಯಿಗೆ ಸುಳ್ಳು ಬರಲಿಲ್ಲ, ವಿಷ ಹತ್ತಿ ಸತ್ತುಹೋಯಿತು ಎಂದ.

"ಏನು ತಿಂದ್ಲು?" ಎಂದು ಕೇಳಿದಳು.

"ನಾನು ಇಟ್ಟಿದ್ದನ್ನೇ, ಅಮ್ಮ."

ಮುದುಕಿ ಗೋಡೆಯ ಕಡೆ ಹೊರಳಿದಳು. ಆಮೇಲೆ ಅವಳು ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಸೊಸೆ ಬೇಕೆಂದೇ ಪಾತ್ರೆ ಕುಕ್ಕಿ ಸದ್ದು ಮಾಡುತ್ತಾಳೆ, ಬೈದಾರು ಎಂದು ಕಾಯುತ್ತಾಳೆ. ಅತ್ತ ಕಡೆಯಿಂದ ಉಸಿರಿನ ಸದ್ದು ಮಾತ್ರ.

ಸತ್ತ ಇಲಿಗಳನ್ನು ಎತ್ತಿಸಲು ಒಬ್ಬ ಆಳು ಕೊಡಿ ಎಂದು ಇಲಿಯಪ್ಪ ಮಾಲೀಕನನ್ನು ಕೇಳಿದ. ಕೊಲ್ಲುವುದಕ್ಕೆ ನಿನಗೆ ಸಂಬಳ, ಹೆಣ ಎತ್ತುವುದಕ್ಕಲ್ಲ ಎಂದು ಉತ್ತರ ಬಂತು. ಈಗ ಅವನೇ ಬೆಳಗಾಗುತ್ತಲೇ ಕೈಗವಸು ಹಾಕಿಕೊಂಡು ಚರಂಡಿಯ ಅಂಚು ಹುಡುಕುತ್ತಾನೆ, ಸಿಕ್ಕಿದ್ದನ್ನು ಆಳದ ಗುಂಡಿಯಲ್ಲಿ ಹೂಳುತ್ತಾನೆ. ಸಿಗದೆ ಉಳಿದವನ್ನು ಯಾವ ಗೂಬೆ, ಯಾರ ಮನೆಯ ಬೆಕ್ಕು ತಿಂದಿತೋ ಅವನಿಗೆ ಗೊತ್ತಿಲ್ಲ.

ನೀವೂ ಅಟ್ಟದ ಮೇಲೆ ಒಂದು ಬಿಲ್ಲೆ ಇಟ್ಟಿದ್ದೀರಿ. ಓದುತ್ತಿರುವ ಈ ಪತ್ರಿಕೆ ಮಡಿಸಿಡಿ. ಮೊದಲು ಅದನ್ನು ತೆಗೆಯಿರಿ, ಆಮೇಲೆ ಅದನ್ನು ತಿಂದ ಇಲಿ ಎಲ್ಲಿ ಬಿದ್ದಿದೆ ಎಂದು ಹುಡುಕಿ.